ಮೆಟ್ಟಿಲ ಹೆಡ್‌ರೂಮಿನಲ್ಲಿ ಎಕ್ಸಾಸ್ಟ್ ಫ್ಯಾನ್: ರಾತ್ರಿ ಎಸಿ ಬಳಕೆ ಇಳಿಸಿದ ಕೆಲಸದ ಪೂರ್ತಿ ಲೆಕ್ಕ

ಮನೆ ಶಿವಮೊಗ್ಗದ ಗೋಪಾಳದ ಕಡೆಯದು. 30×40 ಸೈಟು, ಪೂರ್ವದ ಬಾಗಿಲು, ಒಂದೇ ಅಂತಸ್ತು, ಮೇಲೆ 5 ಇಂಚಿನ ಆರ್‌ಸಿಸಿ ಸ್ಲ್ಯಾಬ್. ಒಳಗಿನ ಜಾಗ 850 ಚದರ ಅಡಿ, ಎತ್ತರ 10 ಅಡಿ. ಹಾಲ್, ಅಡುಗೆಮನೆ, ಎರಡು ಬೆಡ್‌ರೂಮು. ನೈಋತ್ಯ ಮೂಲೆಯ ಬೆಡ್‌ರೂಮಿನಲ್ಲಿ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ. ಹಾಲಿನ ಮೂಲೆಯಿಂದ ಒಳಮೆಟ್ಟಿಲು ಹತ್ತಿ ಹೆಡ್‌ರೂಮಿಗೆ (ಮೆಟ್ಟಿಲ ತುದಿಯ ಚಿಕ್ಕ ಕೋಣೆ), ಅಲ್ಲಿಂದ ತಾರಸಿಗೆ ಬಾಗಿಲು. ಊರಿನ ಹೊಸ ಬಡಾವಣೆಗಳಲ್ಲಿ ಇಂಥ ಮನೆ ಸಾಲುಸಾಲಾಗಿ ಇವೆ, ಆದ್ದರಿಂದ ಅಳತೆಗಳನ್ನು ಹಾಗೇ ಕೊಡುತ್ತಿದ್ದೇವೆ.

ಶಿವಮೊಗ್ಗದ ಬೇಸಿಗೆಯಲ್ಲಿ ಒಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಮಾರ್ಚ್, ಏಪ್ರಿಲ್‌ನಲ್ಲಿ ಹಗಲು 35–36 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವ 20–22ಕ್ಕೆ ಇಳಿಯುತ್ತದೆ. ರಾತ್ರಿ 9ಕ್ಕೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಹಿತ. ಅದೇ ಹೊತ್ತಿನಲ್ಲಿ ಒಳಗೆ 32 ಡಿಗ್ರಿ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ಒಳಮುಖಕ್ಕೆ ಶಾಖ ಬಿಡಲು ಶುರು ಮಾಡುವುದೇ ಸಂಜೆಯ ಮೇಲೆ. ಹೊರಗೆ ತಂಪು ಬಿದ್ದಿದೆ, ಒಳಗೆ ಎಸಿ ಓಡುತ್ತಿದೆ. ಹೊರಗಿನ ತಂಪನ್ನು ಒಳಗೆ ತರುವುದು, ಒಳಗಿನ ಬಿಸಿಯನ್ನು ಮೇಲಿನಿಂದ ಹೊರಹಾಕುವುದು, ಬೆಳಿಗ್ಗೆ ಆ ತಂಪನ್ನು ಬೀಗ ಹಾಕಿ ಇಡುವುದು. ಕೆಲಸ ಇಷ್ಟೇ. ಕಷ್ಟ ಇರುವುದು ಗಾಳಿಗೆ ಸರಿಯಾದ ದಾರಿ ಮಾಡಿಕೊಡುವುದರಲ್ಲಿ.

1. ಮೊದಲು ಅಳತೆ

ಡಿಜಿಟಲ್ ಥರ್ಮಾಮೀಟರು, ತೇವಾಂಶವನ್ನೂ ತೋರಿಸುವಂಥದ್ದು, ಎರಡು ಬೇಕು. ಒಂದಕ್ಕೆ 400 ರೂಪಾಯಿ ಆಸುಪಾಸು. ಒಂದು ಬೆಡ್‌ರೂಮಿನಲ್ಲಿ ಮಂಚದ ಎತ್ತರಕ್ಕೆ, ಇನ್ನೊಂದು ಮನೆಯ ಉತ್ತರದ ಗೋಡೆ ಬದಿ ಸಜ್ಜಾದ ಕೆಳಗೆ. ಹೊರಗಿನದ್ದನ್ನು ಗೋಡೆಗೆ ಅಂಟಿಸಬೇಡಿ, ದಾರ ಕಟ್ಟಿ ಒಂದು ಅಡಿ ಈಚೆ ತೂಗುಬಿಡಿ. ಗೋಡೆಗೆ ತಾಗಿದರೆ ಗೋಡೆಯ ಬಿಸಿಯನ್ನೇ ತೋರಿಸುತ್ತದೆ. ಎಸಿಯ ಹೊರಘಟಕದ ಹತ್ತಿರವೂ ಬೇಡ.

ಬಳಸುವ ಮುಂಚೆ ಎರಡನ್ನೂ ಒಂದೇ ಮೇಜಿನ ಮೇಲೆ ಒಂದೆರಡು ಗಂಟೆ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಅರ್ಧ, ಒಂದು ಡಿಗ್ರಿ ಫರಕು ಸಾಮಾನ್ಯ. ತೇವಾಂಶದ ಅಂಕಿ ನಂಬಬಹುದೇ ಎಂದು ನೋಡಲು ಸುಲಭ ಉಪಾಯ ಇದೆ: ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಪುಡಿ ಉಪ್ಪು, ಅದು ಒದ್ದೆ ಮುದ್ದೆಯಾಗುವಷ್ಟೇ ನೀರು, ಗಾಳಿ ಹೋಗದ ಡಬ್ಬಿಯಲ್ಲಿ ಮೀಟರಿನ ಜೊತೆ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ಮುಂದೆ ಪ್ರತಿ ಓದಿಗೂ 5 ಸೇರಿಸಿಕೊಳ್ಳಿ.

ಏಪ್ರಿಲ್ ತಿಂಗಳ ಮೋಡವಿಲ್ಲದ ರಾತ್ರಿ, ಎಲ್ಲ ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಮಾತ್ರ ಹಾಕಿದಾಗ ಬಂದ ಅಂಕಿ ಹೀಗಿತ್ತು. ಸಂಜೆ 7ಕ್ಕೆ ಹೊರಗೆ 30, ಒಳಗೆ 32.5. ರಾತ್ರಿ 10ಕ್ಕೆ ಹೊರಗೆ 26.5, ಒಳಗೆ 31.5. ಬೆಳಿಗ್ಗೆ 5ಕ್ಕೆ ಹೊರಗೆ 22.5, ಒಳಗೆ 28.5. ಕಿಟಕಿ ತೆರೆದಿದ್ದರೂ 6 ಡಿಗ್ರಿ ಅಂತರ ಉಳಿಯಿತು. ರಾತ್ರಿ ಗಾಳಿ ಬಿದ್ದುಹೋಗುತ್ತದೆ. ಎದುರುಬದುರು ಕಿಟಕಿ ಇದ್ದರೂ ಗಾಳಿಯೇ ಆಡದಿದ್ದರೆ ಅದು ಗೋಡೆಯಲ್ಲಿನ ತೂತು ಮಾತ್ರ.

2. ಖರ್ಚಿಲ್ಲದ ಪರೀಕ್ಷೆ

ಗೋಡೆ, ವೆಂಟಿಲೇಟರ್ ಮುಟ್ಟುವ ಮೊದಲು ಮನೆಯಲ್ಲಿರುವ 16 ಇಂಚಿನ ಪೆಡಸ್ಟಲ್ ಫ್ಯಾನಿನಲ್ಲಿ ನೋಡಿ. ಫ್ಯಾನಿನ ಮುಖವನ್ನು ಹೊರಗೆ ತಿರುಗಿಸಿ, ಹಾಲಿನ ಕಿಟಕಿಯಿಂದ ಎರಡು ಅಡಿ ಹಿಂದೆ ನಿಲ್ಲಿಸಿ. ಕಿಟಕಿಗೆ ಅಂಟಿಸಿ ನಿಲ್ಲಿಸಿದರೆ ಅಂಚಿನ ಸುತ್ತಲಿಂದ ಗಾಳಿ ವಾಪಸ್ ಬರುತ್ತದೆ. ಸ್ವಲ್ಪ ಹಿಂದಿಟ್ಟರೆ ಬೀಸುವ ಗಾಳಿ ಅಕ್ಕಪಕ್ಕದ್ದನ್ನೂ ಎಳೆದುಕೊಂಡು ಚೌಕಟ್ಟು ತುಂಬಿ ಹೊರಹೋಗುತ್ತದೆ. ಬೆಡ್‌ರೂಮಿನ ಕಿಟಕಿ, ಬಾಗಿಲು ತೆರೆದು ಉಳಿದವೆಲ್ಲ ಮುಚ್ಚಿ.

ಫ್ಯಾನನ್ನು ಒಳಮುಖ ಮಾಡಿ ತಂಪು ಗಾಳಿ ಎಳೆದುಕೊಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದರಲ್ಲಿ ಕಿಟಕಿ ಎದುರು ಕೂತವರಿಗೆ ಸುಖ, ಆದರೆ ಸ್ಲ್ಯಾಬಿನ ಅಡಿಗೆ ನಿಂತ ಬಿಸಿಗಾಳಿ ಅಲ್ಲೇ ಕಲಕಿಕೊಂಡಿರುತ್ತದೆ. ಹೊರಮುಖ ಮಾಡಿದಾಗ ಬೆಳಿಗ್ಗೆ 5ರ ಅಂಕಿ 27ಕ್ಕೆ ಇಳಿಯಿತು. ಸಾಲದು, ಆದರೆ ದಾರಿ ಸರಿಯಿದೆ ಎನ್ನುವುದಕ್ಕೆ ಸಾಕು. ನಿಮ್ಮ ಮನೆಯಲ್ಲಿ ಈ ಪರೀಕ್ಷೆಗೆ ಒಂದು ಡಿಗ್ರಿಯೂ ಇಳಿಯದಿದ್ದರೆ ಎಕ್ಸಾಸ್ಟ್ ಫ್ಯಾನಿಗೆ ದುಡ್ಡು ಹಾಕುವ ಮೊದಲು 6ನೇ ಹಂತ ಓದಿ. ಗಾಳಿ ಎಲ್ಲೋ ಅಡ್ಡದಾರಿ ಹಿಡಿದಿರುತ್ತದೆ.

3. ಫ್ಯಾನಿಗೆ ಜಾಗ

ಮೂರು ಜಾಗ ನೋಡಿದ್ದಾಯಿತು. ಬೆಡ್‌ರೂಮಿನ ವೆಂಟಿಲೇಟರ್ ಬೇಡ: ತಲೆಯ ಮೇಲೇ ಸದ್ದು, ಮೇಲಾಗಿ ಉಳಿದ ಕೋಣೆಗಳ ಬಿಸಿಯೆಲ್ಲ ಮಲಗುವ ಕೋಣೆಯ ಮೂಲಕವೇ ಹಾದುಹೋಗಬೇಕು. ಅಡುಗೆಮನೆಯ ಎಕ್ಸಾಸ್ಟ್ ಈಗಾಗಲೇ ಇದೆಯಲ್ಲ ಎಂದರೆ, ಅದು 9 ಇಂಚಿನದು, ಜಿಡ್ಡು ಹಿಡಿದು ಅರ್ಧ ಗಾಳಿಯನ್ನೂ ಎಳೆಯುವುದಿಲ್ಲ. ಹೆಡ್‌ರೂಮು ಮನೆಯಲ್ಲೇ ಎತ್ತರದ ಜಾಗ. ಬಿಸಿಗಾಳಿ ತಾನಾಗಿ ಮೆಟ್ಟಿಲು ಹತ್ತಿ ಅಲ್ಲಿ ಸೇರಿರುತ್ತದೆ. ಮಲಗುವ ಕೋಣೆಯಿಂದ ದೂರ, ಸದ್ದು ಕೇಳಿಸುವುದು ಕಡಿಮೆ. ಅಲ್ಲಿ ಪೂರ್ವಕ್ಕೆ 2 ಅಡಿ × ಒಂದೂವರೆ ಅಡಿಯ ಗಾಜಿನ ಪಟ್ಟಿಗಳ ವೆಂಟಿಲೇಟರ್ ಇತ್ತು. ಗೋಡೆ ಒಡೆಯುವ ಕೆಲಸವೇ ಬರಲಿಲ್ಲ.

ದಿಕ್ಕೂ ಮುಖ್ಯ. ಬೇಸಿಗೆ ಸಂಜೆ ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಫ್ಯಾನನ್ನು ಪಶ್ಚಿಮಕ್ಕೆ ಮುಖ ಮಾಡಿ ಕೂರಿಸಿದರೆ ಎದುರುಗಾಳಿಗೆ ತಳ್ಳಬೇಕು, ಮಳೆಗಾಲದಲ್ಲಿ ಇರಚಲು ನೇರ ಮೋಟರಿಗೆ. ಪೂರ್ವ ಅಥವಾ ಉತ್ತರ ಒಳ್ಳೆಯದು.

4. ಯಾವ ಫ್ಯಾನು, ಎಷ್ಟು ದೊಡ್ಡದು

ಒಳಗಿನ ಒಟ್ಟು ಗಾಳಿ: 850 × 10 = 8,500 ಘನ ಅಡಿ, ಅಂದರೆ 240 ಘನ ಮೀಟರ್. ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತದೆ. ಅದು ಎದುರಿಗೆ ಏನೂ ಅಡ್ಡವಿಲ್ಲದಾಗಿನ ಅಂಕಿ. ಸೊಳ್ಳೆ ಮೆಶ್, ಗ್ರಿಲ್, ಬಾಗಿಲು, ಮೆಟ್ಟಿಲಿನ ತಿರುವು ಎಲ್ಲ ಕಳೆದರೆ ಕೈಗೆ ಸಿಗುವುದು ಮುಕ್ಕಾಲಿಗಿಂತ ಕಡಿಮೆ. ಮನೆಯ ಗಾಳಿಯ ಹತ್ತರಷ್ಟು ಅಂಕಿ ಡಬ್ಬದ ಮೇಲೆ ಇರಲಿ, ಆಗ ನಿಜವಾಗಿ ಗಂಟೆಗೆ ಆರು ಸಲವಾದರೂ ಗಾಳಿ ಬದಲಾಗುತ್ತದೆ. ಆ ಲೆಕ್ಕಕ್ಕೆ 2,400 ಬೇಕಿತ್ತು. 15 ಇಂಚಿನ, 900 ಆರ್‌ಪಿಎಂನ (ನಿಮಿಷಕ್ಕೆ 900 ಸುತ್ತಿನ) ಎಕ್ಸಾಸ್ಟ್ ಹೊಂದಿತು. ಬಳಕೆ 90 ವ್ಯಾಟ್ ಸುಮಾರು.

12 ಇಂಚಿನ 1400 ಆರ್‌ಪಿಎಂ ಫ್ಯಾನು ಅಗ್ಗ, ಗಾಳಿಯೂ ಪರವಾಗಿಲ್ಲ. ಆದರೆ ಅದರ ಕಿರುಚಾಟ ರಾತ್ರಿಯಿಡೀ ಕೇಳುವಂಥದ್ದಲ್ಲ. ರಾತ್ರಿ ಕೆಲಸಕ್ಕೆ ದೊಡ್ಡ ರೆಕ್ಕೆ, ನಿಧಾನದ ಸುತ್ತು, ಇದನ್ನೇ ಹುಡುಕಿ. ಅಂಗಡಿಯಲ್ಲಿ ಓಡಿಸಿ ಕೇಳಿಯೇ ತನ್ನಿ.

90 ವ್ಯಾಟಿನ ಫ್ಯಾನು ಏನು ಮಾಡೀತು ಎನ್ನುವವರಿಗೆ: ಗಂಟೆಗೆ 1,500 ಘನ ಮೀಟರ್ ಗಾಳಿ ಬದಲಾಗಿ, ಒಳಗಿಗೂ ಹೊರಗಿಗೂ 5 ಡಿಗ್ರಿ ಅಂತರ ಇದ್ದರೆ ಎರಡು ಕಿಲೋವಾಟಿಗೂ ಮೀರಿದ ಶಾಖ ಹೊರಹೋಗುತ್ತದೆ. ಒಂದು ಟನ್ ಎಸಿಯ ಶಕ್ತಿ ಮೂರೂವರೆ ಕಿಲೋವಾಟ್. ಅದರ ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲಿ ಒಂದು ಹಳೇ ಬಲ್ಬಿನಷ್ಟು ಕರೆಂಟಿನಲ್ಲಿ ಆಗುತ್ತಿದೆ.

5. ಕೂರಿಸುವ ಕೆಲಸ

ಗಾಜಿನ ಪಟ್ಟಿಗಳನ್ನು ತೆಗೆದು ಕಾಗದ ಸುತ್ತಿ ಇಟ್ಟದ್ದಾಯಿತು. ಚೌಕಟ್ಟಿನ ಒಳ ಅಳತೆಗೆ 18 ಮಿಮೀ ವಾಟರ್‌ಪ್ರೂಫ್ ಪ್ಲೈವುಡ್. ಬಡಗಿ ಜಿಗ್‌ಸಾನಲ್ಲಿ 400 ಮಿಮೀ ವ್ಯಾಸದ ಗುಂಡು ತೂತು ತೆಗೆದರು. ರೆಕ್ಕೆಯ ತುದಿಗೂ ತೂತಿನ ಅಂಚಿಗೂ ಒಂದು ಸೆಂಟಿಮೀಟರ್ ಸಾಕು. ತೂತು ದೊಡ್ಡದಾದಷ್ಟೂ ಗಾಳಿ ಅಂಚಿನಿಂದ ಹಿಂದಕ್ಕೆ ಜಾರುತ್ತದೆ. ಕತ್ತರಿಸಿದ ಅಂಚಿಗೆ ಎರಡು ಕೈ ಎನಾಮಲ್ ಬಣ್ಣ. ಪ್ಲೈವುಡ್ ಹಾಳಾಗುವುದು ಅಂಚಿನಿಂದಲೇ, ಮಲೆನಾಡಿನ ಮಳೆಗೆ ಬರೀ ಮುಖಕ್ಕೆ ಬಣ್ಣ ಬಳಿದರೆ ಒಂದೇ ಕಾಲ.

ಫ್ಯಾನು ಮತ್ತು ಪ್ಲೈ ನಡುವೆ ನಾಲ್ಕೂ ಬೋಲ್ಟಿಗೆ ರಬ್ಬರ್ ಬುಷ್, 8 ಮಿಮೀ ಬೋಲ್ಟ್, ಸ್ಪ್ರಿಂಗ್ ವಾಷರ್. ಬುಷ್ ಇಲ್ಲದೆ ಬಿಗಿದರೆ ಇಡೀ ಹಲಗೆ ಡೋಲಿನ ಹಾಗೆ ಗುಂಯ್‌ಗುಡುತ್ತದೆ. ಪ್ಲೈ ಸುತ್ತ ಸಿಲಿಕೋನ್. ಹೊರಗಡೆ 24 ಗೇಜ್ ಜಿಐ ತಗಡಿನ ಇಳಿಜಾರು ಮುಸುಡು, ಕೆಳಮುಖ 45 ಡಿಗ್ರಿ, ಕೆಳಗೆ ಅರ್ಧ ಇಂಚಿನ ಕೋಳಿಬಲೆ. ಮುಸುಡಿನ ಬಾಯಿ ಫ್ಯಾನಿನ ತೂತಿಗಿಂತ ಚಿಕ್ಕದಾಗಬಾರದು. ವೆಲ್ಡಿಂಗ್ ಶಾಪಿನವರು ಅಂದಕ್ಕೆ ಕಿರಿದು ಮಾಡಲು ನೋಡುತ್ತಾರೆ, ಅಳತೆ ಬರೆದೇ ಕೊಡಿ.

ತಾನಾಗಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಲೌವರ್ ಶಟರ್ ಹಾಕಿ ನೋಡಿದಾಗ ನಿಧಾನ ಸುತ್ತಿನ ಗಾಳಿಗೆ ಅದರ ಪಟ್ಟಿಗಳು ಪೂರ್ತಿ ಏಳಲಿಲ್ಲ, ಮೇಲಾಗಿ ಪಟಪಟ ಸದ್ದು. ತೆಗೆದು, ಒಳಗಡೆ 12 ಮಿಮೀ ಪ್ಲೈನ ಒಂದು ಕದ, ಎರಡು ಕೀಲು, ಒಂದು ಚಿಲಕ. ಬೆಳಿಗ್ಗೆ ಫ್ಯಾನ್ ನಿಲ್ಲಿಸಿದ ಮೇಲೆ ಈ ಕದ ಮುಚ್ಚಲೇಬೇಕು, ಇಲ್ಲದಿದ್ದರೆ ಹಗಲಿಡೀ ಬಿಸಿಗಾಳಿ ಅಲ್ಲಿಂದ ಇಳಿಯುತ್ತದೆ.

ವೈರಿಂಗ್: ಪ್ರತ್ಯೇಕ 6 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 1.5 ಚದರ ಮಿಮೀ ತಾಮ್ರದ ವೈರು, ಅರ್ತ್ ಸೇರಿಸಿ ಮೂರು ಎಳೆ, ಪಿವಿಸಿ ಕೇಸಿಂಗ್‌ನಲ್ಲಿ. ಅರ್ತ್ ಬಿಡಬೇಡಿ; ಹೊರಗೋಡೆಯ ತೇವದಲ್ಲಿ ಲೋಹದ ಫ್ಯಾನಿನ ಮೈ ಮುಟ್ಟುವ ಜಾಗ ಅದು. ವೇಗ ಇಳಿಸಲು ಸಾಮಾನ್ಯ ಡಿಮ್ಮರ್ ಥರದ ರೆಗ್ಯುಲೇಟರ್ ಹಾಕಿದರೆ ಮೋಟರ್ ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಕೇಳಿ ತನ್ನಿ. ಸ್ವಿಚ್ಚನ್ನು ಹೆಡ್‌ರೂಮಿನಲ್ಲಿ ಬಿಡದೆ ಎಸಿ ಸ್ವಿಚ್ಚಿನ ಪಕ್ಕಕ್ಕೇ ತಂದದ್ದು ತುಂಬ ಉಪಯೋಗಕ್ಕೆ ಬಂತು. ಎರಡೂ ಕಣ್ಣೆದುರು ಇದ್ದರೆ ಒಟ್ಟಿಗೆ ಓಡುವುದಿಲ್ಲ. ಎಸಿ ಹಾಕಿ ಎಕ್ಸಾಸ್ಟನ್ನೂ ಬಿಟ್ಟರೆ ದುಡ್ಡು ಕೊಟ್ಟು ತಂಪು ಮಾಡಿದ ಗಾಳಿ ಸೀದಾ ತಾರಸಿಗೆ.

6. ಊದುಬತ್ತಿ ಹಿಡಿದು ಮನೆ ಸುತ್ತುವುದು

ಇಡೀ ಕೆಲಸದಲ್ಲಿ ಫಲ ಹೆಚ್ಚು ಕೊಟ್ಟ ಹಂತ ಇದು. ಫ್ಯಾನ್ ಹಾಕಿ, ಬೆಡ್‌ರೂಮಿನ ಕಿಟಕಿ ಮಾತ್ರ ತೆರೆದು, ಊದುಬತ್ತಿ ಹಚ್ಚಿ ಪ್ರತಿ ಸಂದಿಗೂ ಹಿಡಿಯಿರಿ. ಹೊಗೆ ಎಲ್ಲೆಲ್ಲಿ ಒಳಮುಖ ಬಾಗುತ್ತದೋ ಅಲ್ಲೆಲ್ಲ ಗಾಳಿ ಕದ್ದು ಬರುತ್ತಿದೆ.

ದೊಡ್ಡ ಕಳ್ಳದಾರಿ ತಾರಸಿಯ ಬಾಗಿಲು. ಫ್ಯಾನಿನಿಂದ ನಾಲ್ಕೇ ಅಡಿ ದೂರ, ಕೆಳಗೆ ಮುಕ್ಕಾಲು ಇಂಚು ಸಂದಿ. ಗಾಳಿಗೆ ಹತ್ತಿರದ ದಾರಿ ಸಿಕ್ಕಿದರೆ ಬೆಡ್‌ರೂಮಿನಿಂದ ಮೆಟ್ಟಿಲು ಹತ್ತಿ ಏಕೆ ಬಂದೀತು? ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಸುತ್ತ ಫೋಮ್ ಟೇಪು ಹಾಕಿದ ಮೇಲೆ ಬೆಡ್‌ರೂಮಿನ ಕಿಟಕಿಯಲ್ಲಿ ಕೈಗೆ ಗಾಳಿ ಗೊತ್ತಾಗುವಷ್ಟು ಬದಲಾಯಿತು. ಆಮೇಲೆ ಅಡುಗೆಮನೆಯ ಹಳೇ ಎಕ್ಸಾಸ್ಟಿನ ತೂತು, ಬಾತ್‌ರೂಮಿನ ವೆಂಟಿಲೇಟರ್.

ಬಾತ್‌ರೂಮಿನ ವಿಷಯ ಬೇರೆಯೇ ಹೇಳಬೇಕು. ನೆಲದ ನಹಾನಿ ಟ್ರ್ಯಾಪಿನಲ್ಲಿ (ಜಾಲರಿಯಡಿ ನೀರು ನಿಂತು ಚರಂಡಿ ವಾಸನೆ ತಡೆಯುವ ಬಟ್ಟಲು) ನೀರು ಒಣಗಿದ್ದರೆ ಫ್ಯಾನು ಚರಂಡಿ ಪೈಪಿನ ಗಾಳಿಯನ್ನೇ ಎಳೆಯುತ್ತದೆ, ಮನೆಯೆಲ್ಲ ನಾತ. ಬಳಸದ ಬಾತ್‌ರೂಮು ಇದ್ದರೆ ಸಂಜೆ ಒಂದು ಚೊಂಬು ನೀರು ಟ್ರ್ಯಾಪಿಗೆ ಸುರಿಯಿರಿ, ಬಾಗಿಲು ಮುಚ್ಚಿ.

ಇದಕ್ಕಿಂತ ಗಂಭೀರವಾದದ್ದು ಬೆಂಕಿ. ಬಚ್ಚಲ ಒಲೆ ಇರುವ ಮನೆಗಳಲ್ಲಿ, ಒಳಗಿನ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ, ಅವು ಉರಿಯುವಾಗ ಈ ಫ್ಯಾನು ಓಡಲೇಬಾರದು. ಫ್ಯಾನಿನ ಎಳೆತಕ್ಕೆ ಹೊಗೆಕೊಳವೆಯ ಗಾಳಿ ತಿರುಗಿ ಒಳಗೆ ಬರುತ್ತದೆ. ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ, ವಾಸನೆಯೂ ಇಲ್ಲ, ಮಲಗಿದವರನ್ನು ಎಬ್ಬಿಸದೆ ಕೊಲ್ಲುತ್ತದೆ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುವವರು ಮೊದಲು ಫ್ಯಾನ್ ನಿಲ್ಲಿಸಲಿ, ಕೆಂಡ ಪೂರ್ತಿ ಆರುವ ತನಕ ಮತ್ತೆ ಹಾಕದಿರಲಿ. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

7. ಮೆಶ್ ಮತ್ತು ಕಿಟಕಿ

ಕಿಟಕಿ ರಾತ್ರಿಯಿಡೀ ತೆರೆದಿರಬೇಕೆಂದರೆ ಮೆಶ್ ಬೇಕೇ ಬೇಕು. ಹಳೇ ಥರದ ಮರದ ಕಿಟಕಿ, ಕದ ಹೊರಗೆ ತೆರೆಯುತ್ತದೆ, ಒಳಗೆ ಕಬ್ಬಿಣದ ಗ್ರಿಲ್. ವೆಲ್ಕ್ರೋ ಪಟ್ಟಿಯ ಮೆಶ್ ಅಗ್ಗ, ಆದರೆ ದಿನಾ ಕದ ತೆರೆದು ಮುಚ್ಚಲು ಕೈ ಹಾಕಬೇಕಾದ ಕಡೆ ಅದು ಬೇಗ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಚೌಕಟ್ಟು, ಸ್ಟೀಲ್ ಮೆಶ್, ಒಳಗೆ ತೆರೆಯುವ ಕೀಲು, ಮ್ಯಾಗ್ನೆಟ್ ಹಿಡಿತ: ಇದು ಬಾಳಿಕೆಗೆ ಬರುತ್ತದೆ. ಎರಡು ಬೆಡ್‌ರೂಮಿನ 4×4 ಅಡಿಯ ಎರಡು ಕಿಟಕಿಗೆ 32 ಚದರ ಅಡಿ.

ಮೆಶ್ ಹಾಕಿದರೆ ಗಾಳಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಧೂಳು ಕೂತರೆ ಅರ್ಧ. ಈ ವ್ಯವಸ್ಥೆಯಲ್ಲಿ ಮೆಶ್ ಎಂದರೆ ಫಿಲ್ಟರ್ ಇದ್ದ ಹಾಗೆಯೇ, ಸದಾ ಒಳಮುಖ ಗಾಳಿ. ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬ್ರಷ್ಷು, ಸೋಪಿನ ನೀರು. ಕಿಟಕಿ ಕದಗಳ ಕೊಂಡಿ ಗಟ್ಟಿ ಇದೆಯೇ ನೋಡಿ, ಏಪ್ರಿಲ್‌ನ ಗುಡುಗುಮಳೆಯ ಮೊದಲ ಗಾಳಿಗೆ ಕದ ಬಡಿದು ಗಾಜು ಹೋಗುವುದು ಅಲ್ಲೇ.

ಕಿಟಕಿಯಾಚೆ ಏನಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆ ಬೆಳಿಗ್ಗೆ, ಸಂಜೆ ತರಗೆಲೆ ಗುಡ್ಡೆ ಹಾಕಿ ಬೆಂಕಿ ಕೊಡುವುದು ಇಲ್ಲಿ ಎಲ್ಲ ಕಡೆ ಇದೆ. ಖಾಲಿ ಸೈಟಿನ ಕಡೆಯ ಕಿಟಕಿ ಬಿಟ್ಟು ಇನ್ನೊಂದನ್ನು ತೆರೆಯಿರಿ.

8. ಓಡಿಸುವ ಕ್ರಮ

ಹೊರಗಿನ ಅಂಕಿ ಒಳಗಿನದಕ್ಕಿಂತ 2 ಡಿಗ್ರಿ ಇಳಿದಾಗ ಶುರು. ಮಾರ್ಚ್‌ನಲ್ಲಿ ಅದು ಸಂಜೆ 7ರ ಹೊತ್ತಿಗೆ ಬರುತ್ತದೆ. ಅದಕ್ಕೆ ಮುಂಚೆ, ಸೆಖೆ ಆಯಿತೆಂದು 5 ಗಂಟೆಗೇ ಕಿಟಕಿ ತೆರೆದರೆ ಹೊರಗಿನ ಬಿಸಿಯನ್ನೇ ಒಳಗೆ ಕರೆದಂತೆ.

ಮೊದಲ ಎರಡು ಗಂಟೆ ಫ್ಯಾನು ಪೂರ್ತಿ ವೇಗ, ಹಾಲ್, ಎರಡೂ ಬೆಡ್‌ರೂಮಿನ ಕಿಟಕಿ ತೆರೆದು, ಒಳಬಾಗಿಲುಗಳೆಲ್ಲ ತೆರೆದು. ಶುರುವಿನ ಮುಕ್ಕಾಲು ಗಂಟೆ ಸೀಲಿಂಗ್ ಫ್ಯಾನ್ ಬೇಡ, ಸ್ಲ್ಯಾಬಿನಡಿ ನಿಂತ ಬಿಸಿಗಾಳಿಯನ್ನು ಅದು ಕೆಳಗೆ ತಳ್ಳುತ್ತದೆ; ಎಕ್ಸಾಸ್ಟ್ ಮೊದಲು ಅದನ್ನು ತೆಗೆಯಲಿ. ಆಮೇಲೆ ಸೀಲಿಂಗ್ ಫ್ಯಾನ್ ಹಾಕಿದಾಗ ಅದೇ ಫ್ಯಾನಿನ ಗಾಳಿ ಬೇರೆಯೇ ಅನಿಸುತ್ತದೆ.

ಮಲಗುವಾಗ ಹಾಲಿನ ಕಿಟಕಿ ಪೂರ್ತಿ ಮುಚ್ಚಿ. ಮಲಗುವ ಕೋಣೆಯಲ್ಲಿ ಮಂಚದ ಪಕ್ಕದ ಒಂದು ಕದ, ಸುಮಾರು 0.4 ಚದರ ಮೀಟರ್, ಅಷ್ಟೇ ತೆರೆದಿರಲಿ. ಮನೆಗೆ ಬರುವ ಗಾಳಿಯೆಲ್ಲ ಆ ಒಂದೇ ಕದದಿಂದ ಬರಬೇಕಾಗುತ್ತದೆ. ಕಿಟಕಿಯ ಬಾಯಲ್ಲಿ ಸೆಕೆಂಡಿಗೆ 0.8 ಮೀಟರ್ ಆಸುಪಾಸಿನ ಗಾಳಿ. ಎಲ್ಲ ಕಿಟಕಿ ತೆರೆದಿದ್ದಾಗ ಇದರ ಅರ್ಧವೂ ಇರಲಿಲ್ಲ. ಕಿಟಕಿ ಹೆಚ್ಚು ತೆರೆದಷ್ಟೂ ಗಾಳಿ ಹೆಚ್ಚು ಎಂದು ಎಲ್ಲರೂ ಎಣಿಸುತ್ತಾರೆ; ಎಳೆಯುವ ಫ್ಯಾನ್ ಇರುವಾಗ ಕಡಿಮೆ ತೆರೆದ ಕಡೆಯೇ ಗಾಳಿ ಜೋರು. ಎರಡು ಕೋಣೆಯಲ್ಲಿ ಮಲಗುವುದಾದರೆ ಎರಡರಲ್ಲೂ ಒಂದೊಂದು ಕದ. ಬೆಡ್‌ರೂಮಿನ ಬಾಗಿಲು ಮುಚ್ಚಿ ಮಲಗುವವರು ಕೆಳಗೆ ಸಂದಿ ಇದೆ ಎಂದು ನಂಬಬೇಡಿ, ಅದು ಏನೇನೂ ಸಾಲದು. ಬಾಗಿಲು ಒಂದು ಗೇಣು ತೆರೆದಿರಲಿ, ಅಥವಾ ಮೇಲಿನ ವೆಂಟಿಲೇಟರ್ ಹಾಲಿಗೆ ತೆರೆದಿರಲಿ.

ಬೆಳಿಗ್ಗೆಯ ಮುಚ್ಚುವಿಕೆಯಲ್ಲಿ ಸೋಮಾರಿತನ ಮಾಡಿದರೆ ರಾತ್ರಿಯ ಕೆಲಸವೆಲ್ಲ ವ್ಯರ್ಥ. 7ರಿಂದ 7:30ರ ಒಳಗೆ ಫ್ಯಾನ್ ನಿಲ್ಲಿಸಿ, ಹೆಡ್‌ರೂಮಿನ ಕದ ಮುಚ್ಚಿ, ಕಿಟಕಿ ಮುಚ್ಚಿ, ಪೂರ್ವದ ಪರದೆ ಎಳೆಯಿರಿ. ಎಂಟೂವರೆಯ ಹೊತ್ತಿಗೆ ಹೊರಗಿನ ಅಂಕಿ ಒಳಗಿನದನ್ನು ದಾಟಿರುತ್ತದೆ. ಹಗಲು ಕಿಟಕಿ ಮುಚ್ಚಿಡಿ ಎಂದರೆ ಮನೆಯ ಹಿರಿಯರಿಗೆ ಒಪ್ಪಿಗೆಯಾಗುವುದು ಕಷ್ಟ. ಎರಡೂ ಥರ್ಮಾಮೀಟರನ್ನು ಪಕ್ಕಪಕ್ಕ ತೋರಿಸಿ, ಮಧ್ಯಾಹ್ನ 2ಕ್ಕೆ ಹೊರಗೆ 36, ಒಳಗೆ 29.5. ಅಡುಗೆ ಮಾಡುವಾಗ ಮಾತ್ರ ಅಡುಗೆಮನೆಯ ಕಿಟಕಿ, ಅಲ್ಲಿನ ಚಿಕ್ಕ ಎಕ್ಸಾಸ್ಟ್, ಹಾಲಿನ ಕಡೆ ಬಾಗಿಲು ಮುಚ್ಚಿ.

ಇದೇ ಏಪ್ರಿಲ್ ರಾತ್ರಿಗಳಲ್ಲಿ ಈಗ ರಾತ್ರಿ 10ಕ್ಕೆ ಒಳಗೆ 29, ಬೆಳಿಗ್ಗೆ 5ಕ್ಕೆ 25. ಸೀಲಿಂಗ್ ಫ್ಯಾನ್ ಜೊತೆಗಿದ್ದರೆ 29 ಡಿಗ್ರಿಯಲ್ಲಿ ನಿದ್ರೆ ಬರುತ್ತದೆ.

ಸೀಲಿಂಗ್ ಫ್ಯಾನುಗಳನ್ನೂ ಇದೇ ಸಂದರ್ಭದಲ್ಲಿ ಬಿಎಲ್‌ಡಿಸಿಗೆ (ಕಡಿಮೆ ಕರೆಂಟಿನ ಮೋಟರಿನದು) ಬದಲಾಯಿಸಿದ್ದಾಯಿತು. ಹಳೆಯದು 75 ವ್ಯಾಟ್, ಹೊಸದು 30ರ ಆಸುಪಾಸು. ಉಳಿತಾಯಕ್ಕಿಂತ ದೊಡ್ಡ ಲಾಭ ಎಂದರೆ ಗುಡುಗುಮಳೆಗೆ ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿ ಎರಡರಷ್ಟು ಹೊತ್ತು ಎಳೆಯುತ್ತದೆ. ರೆಕ್ಕೆಗೂ ಸ್ಲ್ಯಾಬಿಗೂ ಒಂದು ಅಡಿ ಅಂತರ ಇರಲಿ. ಗಿಡ್ಡ ರಾಡಿನಲ್ಲಿ ಸ್ಲ್ಯಾಬಿಗೆ ಅಂಟಿಸಿದ ಫ್ಯಾನು ಗಾಳಿ ಎಳೆಯುವುದಿಲ್ಲ.

9. ಎಸಿ ಯಾವಾಗ

ಎಸಿಯನ್ನು ಬಿಚ್ಚಿ ಹಾಕುವ ಮಾತಿಲ್ಲ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ, ಮಳೆ ಬರುವಂತಿದ್ದು ಬಾರದ ರಾತ್ರಿಗಳಲ್ಲಿ ಎಕ್ಸಾಸ್ಟ್ ಕೆಲಸ ಮಾಡುವುದಿಲ್ಲ. ತೀರ್ಮಾನಕ್ಕೆ ಉಷ್ಣಾಂಶ ಒಂದೇ ಸಾಲದು, ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗಲು ಶುರುವಾಗುವ ಉಷ್ಣಾಂಶ) ನೋಡಬೇಕು. ಅಂದಾಜು ಲೆಕ್ಕ: 100ರಿಂದ ತೇವಾಂಶ ಕಳೆದು, 5ರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಿರಿ. 26 ಡಿಗ್ರಿ, 60 ತೇವಾಂಶ ಎಂದರೆ 18. ಒಳ್ಳೆಯ ರಾತ್ರಿ, ಫ್ಯಾನ್ ಹಾಕಿ. 28 ಡಿಗ್ರಿ, 80 ತೇವಾಂಶ ಎಂದರೆ 24. ಆ ಗಾಳಿ ಒಳಗೆ ಬಂದರೆ ಮೈ ಅಂಟುತ್ತದೆ, ಕಿಟಕಿ ಮುಚ್ಚಿ ಎಸಿ ಹಾಕಿ. ತೇವಾಂಶ 50ಕ್ಕಿಂತ ಕಡಿಮೆ ಇದ್ದರೆ ಈ ಲೆಕ್ಕ ತಪ್ಪುತ್ತದೆ, ಆದರೆ ಅಂಥ ರಾತ್ರಿ ಯೋಚನೆಯೇ ಬೇಡ.

ಮಳೆ ಬಂದು ನಿಂತ ರಾತ್ರಿ ನಡುವಿನದ್ದು. ಹೊರಗೆ 24, ತೇವಾಂಶ 90. ತಂಪಿದೆ, ಆದರೆ ಒದ್ದೆ. ರಾತ್ರಿಯಿಡೀ ಫ್ಯಾನಿನಲ್ಲೇ ಕಳೆಯುವುದಾದರೆ ತೆರೆಯಿರಿ. ಅರ್ಧರಾತ್ರಿಗೆ ಎಸಿಗೆ ಬದಲಾಯಿಸುವ ಯೋಚನೆ ಇದ್ದರೆ ತೆರೆಯಬೇಡಿ. ಹಾಸಿಗೆ, ಪರದೆ, ಬಟ್ಟೆ ಎಲ್ಲ ಕುಡಿದ ತೇವವನ್ನು ಎಸಿ ಹಿಂಡಿ ತೆಗೆಯಬೇಕಾಗುತ್ತದೆ, ಕರೆಂಟು ಅದಕ್ಕೇ ಹೋಗುತ್ತದೆ. ಎಸಿ ಹಾಕಿದ ದಿನ 27ಕ್ಕೆ ಇಟ್ಟು ಸೀಲಿಂಗ್ ಫ್ಯಾನನ್ನು ಎರಡರಲ್ಲಿ ಬಿಡಿ. 24ರ ಸುಖವೇ ಸಿಗುತ್ತದೆ.

10. ಖರ್ಚು

15 ಇಂಚಿನ ಎಕ್ಸಾಸ್ಟ್ 3,800. ಪ್ಲೈ 450, ತಗಡಿನ ಮುಸುಡು 900, ಬಲೆ 120, ಬೋಲ್ಟ್, ಬುಷ್, ಸಿಲಿಕೋನ್, ರಬ್ಬರ್ ಪಟ್ಟಿ 380. ವೈರ್, ಎಂಸಿಬಿ, ರೆಗ್ಯುಲೇಟರ್ 1,100. ಎಲೆಕ್ಟ್ರಿಷಿಯನ್ 600, ಬಡಗಿ 700. ಥರ್ಮಾಮೀಟರ್ ಎರಡಕ್ಕೆ 800. ಮೆಶ್ 4,200. ಬಿಎಲ್‌ಡಿಸಿ ಫ್ಯಾನ್ ಎರಡು 6,000. ಒಟ್ಟು 19,050. ಮೆಶ್ ಈಗಾಗಲೇ ಇದ್ದು, ಸೀಲಿಂಗ್ ಫ್ಯಾನ್ ಹಳೆಯದೇ ಸಾಕೆಂದರೆ 9,000ದ ಒಳಗೆ ಮುಗಿಯುತ್ತದೆ.

ಎಸಿ ರಾತ್ರಿಗೆ 6 ಯೂನಿಟ್ ಹಿಡಿದರೆ ತಿಂಗಳಿಗೆ 180. ಎಕ್ಸಾಸ್ಟ್, ಸೀಲಿಂಗ್ ಫ್ಯಾನ್ ಸೇರಿ ರಾತ್ರಿಗೆ ಹೆಚ್ಚೆಂದರೆ ಒಂದೂವರೆ ಯೂನಿಟ್. ಗೃಹಜ್ಯೋತಿ ಪಡೆಯುವ ಮನೆಗಳಿಗೆ ಲೆಕ್ಕ ಇನ್ನೂ ತೀಕ್ಷ್ಣ: ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆಯ ಉಳಿದ ಬಳಕೆ 100 ಇದ್ದಲ್ಲಿ ಎಸಿ ಒಂದೇ ಅದನ್ನು ದಾಟಿಸುತ್ತದೆ.

11. ತಾರಸಿಯ ಮೇಲೆ ಸೋಗೆ

ರಾತ್ರಿ ತೆಗೆಯುವ ಶಾಖ ಹಗಲು ಬರದಂತೆ ತಡೆದರೆ ಕೆಲಸ ಅರ್ಧ. ಬೆಡ್‌ರೂಮಿನ ಮೇಲಿನ ತಾರಸಿಗೆ, 14×13 ಅಡಿ, ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿ) ಚಪ್ಪರ ಕಟ್ಟಿ ಸೋಗೆ (ಅಡಿಕೆ ಗರಿ) ಹೊದಿಸಿದ್ದಾಯಿತು. ತಾರಸಿಯಿಂದ ಒಂದೂವರೆ ಅಡಿ ಎತ್ತರ, ನಾಲ್ಕೂ ಕಡೆ ಗಾಳಿಯಾಡುವಂತೆ. ಸೋಗೆಯನ್ನು ನೇರ ಸ್ಲ್ಯಾಬಿನ ಮೇಲೆ ಹಾಸಬೇಡಿ. ರಾತ್ರಿ ಸ್ಲ್ಯಾಬು ಆಕಾಶಕ್ಕೆ ಶಾಖ ಬಿಡುವುದಕ್ಕೇ ತಡೆಯಾಗುತ್ತದೆ, ಮೊದಲ ಮಳೆಗೆ ಕೊಳೆಯುತ್ತದೆ, ನೀರು ಹೋಗುವ ಪೈಪಿಗೆ ಕಸ ಕಟ್ಟುತ್ತದೆ. ಕಾಲುಗಳನ್ನು ತಾರಸಿಗೆ ಕೊರೆದು ನಿಲ್ಲಿಸದೆ ಮರಳು ತುಂಬಿದ ಹಳೇ ಬಣ್ಣದ ಡಬ್ಬಿಯಲ್ಲಿ ನಿಲ್ಲಿಸಿ, ಅಡ್ಡದಬ್ಬೆಗಳನ್ನು ಪ್ಯಾರಪೆಟ್ಟಿಗೆ ತಂತಿಯಿಂದ ಬಿಗಿಯಿರಿ. ಒಣಸೋಗೆಗೆ ಬೆಂಕಿ ಬೇಗ ಹತ್ತುತ್ತದೆ, ಪಟಾಕಿ, ಹತ್ತಿರದ ಹೊಗೆಕೊಳವೆ ನೋಡಿಕೊಳ್ಳಿ. ಸೋಗೆ ಸಿಗದಿದ್ದರೆ ನರ್ಸರಿಯವರು ಬಳಸುವ 75 ಶೇಕಡಾ ಹಸಿರು ಶೇಡ್ ನೆಟ್. ಪಶ್ಚಿಮದ ಗೋಡೆಗೂ ಅದನ್ನೇ ಒಂದು ಅಡಿ ಈಚೆಗೆ ಇಳಿಬಿಡಬಹುದು. ಉಳಿದ ತಾರಸಿಗೆ ಎರಡು ಕೈ ಸುಣ್ಣ.

12. ಹಂಚಿನ ಮನೆಯವರಿಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಂಚಿನ ಮನೆಗಳಿಗೆ ಈ ಕೆಲಸ ಹಾಗೇ ಹೊಂದುವುದಿಲ್ಲ. ಹಂಚಿನ ಸಂದಿಗಳಿಂದಲೇ ಗಾಳಿ ಬರುವುದರಿಂದ ಫ್ಯಾನು ಕಿಟಕಿಯಿಂದ ಎಳೆಯುವುದೇ ಇಲ್ಲ. ಹಂಚು ಸ್ಲ್ಯಾಬಿನಂತೆ ಶಾಖ ಹಿಡಿದಿಡುವುದಿಲ್ಲ, ಸಂಜೆಯಾದ ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ಅಲ್ಲಿನ ಸಮಸ್ಯೆ ಹಗಲಿನದು. ಮೇಲೆ ಮರದ ಮುಚ್ಚಿಗೆ ಇದ್ದು ಅಟ್ಟ ಪ್ರತ್ಯೇಕವಾಗಿದ್ದರೆ, ಅಟ್ಟದ ತ್ರಿಕೋನ ಗೋಡೆಯಲ್ಲಿ ಎದುರುಬದುರು ಎರಡು ಜಾಲಂಧ್ರ ತೆರೆದು ಬಲೆ ಹಾಕಿ. ಫ್ಯಾನೇ ಬೇಕಿಲ್ಲ.

13. ಮಳೆಗಾಲಕ್ಕೆ ಮುಚ್ಚುವುದು

ಜೂನ್ ಮೊದಲ ವಾರ ಮಳೆ ಹಿಡಿದರೆ ಈ ಫ್ಯಾನಿನ ರಾತ್ರಿ ಕೆಲಸ ಮುಗಿಯಿತು. ಹೊರಗಿನ ತೇವಾಂಶ 90 ದಾಟಿದಾಗ ಗಾಳಿ ಎಳೆದರೆ ತಣ್ಣಗಿನ ಟೈಲ್ಸ್ ನೆಲ ಬೆವರುತ್ತದೆ, ಕಪಾಟಿನ ಹಿಂದೆ ಬೂಷ್ಟು. ಮಳೆ ಬಿಟ್ಟು ಬಿಸಿಲು ಬಿದ್ದ ಮಧ್ಯಾಹ್ನ ಅರ್ಧ ಗಂಟೆ ಓಡಿಸಿದರೆ ಒಳಗೆ ಒಣಹಾಕಿದ ಬಟ್ಟೆಯ ತೇವ ಹೋಗುತ್ತದೆ, ಅಷ್ಟಕ್ಕೆ ಇರಲಿ. ಮೇ ಕೊನೆಗೆ ಎಂಸಿಬಿ ಇಳಿಸಿ, ರೆಕ್ಕೆಯ ಧೂಳು ಒರೆಸಿ (ಒಂದೇ ರೆಕ್ಕೆಯಲ್ಲಿ ಮಣ್ಣು ಉಳಿದರೂ ಮುಂದಿನ ವರ್ಷ ನಡುಗುತ್ತದೆ), ಬುಷ್ ಬೇರಿಂಗಿನದಾದರೆ ಎರಡು ಹನಿ ಮೆಷಿನ್ ಎಣ್ಣೆ ಬಿಡಿ. ಬಾಲ್ ಬೇರಿಂಗಿಗೆ ಏನೂ ಬೇಡ. ಒಳಕದ ಮುಚ್ಚಿ ಸಂದಿಗೆ ಫೋಮ್ ಟೇಪು. ಮುಸುಡಿನ ಬಲೆ ಹರಿದಿದ್ದರೆ ಈಗಲೇ ಬದಲಾಯಿಸಿ, ಹಕ್ಕಿ ಗೂಡು ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಫೆಬ್ರವರಿಯಲ್ಲಿ ಮತ್ತೆ ಸ್ವಿಚ್ ಹಾಕುವ ಮುಂಚೆ ಹೊರಗಿನಿಂದ ಟಾರ್ಚ್ ಬಿಟ್ಟು ಗೂಡು ಇದೆಯೇ ನೋಡಿ, ರೆಕ್ಕೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಆಮೇಲೆ ಎಂಸಿಬಿ ಎತ್ತಿ.